ಏಳನೇ ಸಲಹೆ

ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಥಾಯ್ಲೆಂಡ್ ಪ್ರವಾಸದ ಮಾತು ನಡೆಯುತ್ತಿತ್ತು. ಹೊರಟವರೆಲ್ಲ ಐವತ್ತು ದಾಟಿದ ಗಂಡಸರು, ಮನೆಯವರು ಯಾರೂ ಜೊತೆಗಿಲ್ಲ. ಆಗ ಗಿರೀಶ ಒಂದು ಪಿಡಿಎಫ್ ಫಾರ್ವರ್ಡ್ ಮಾಡಿದ. ಆಮೇಲೆ ನಡೆದದ್ದು ಇದು. ನಡುವೆ ಬಂದ ಗುಡ್ ಮಾರ್ನಿಂಗ್ ಹೂಗಳನ್ನೂ ಒಂದು ಹುಟ್ಟುಹಬ್ಬದ ಹಾರೈಕೆಗಳನ್ನೂ ಕತ್ತರಿಸಿದ್ದೇನೆ. ಅಡ್ಮಿನ್ ನಾನೇ.

ಗಿರೀಶ: 📄 ಒಂಟಿ ಗಂಡಸರ ವಿದೇಶ ಪ್ರವಾಸ: 21 ಪ್ರಾಕ್ಟಿಕಲ್ ಸಲಹೆಗಳು (ಹಲವು ಬಾರಿ ಫಾರ್ವರ್ಡ್ ಆಗಿದೆ)

ಗಿರೀಶ: ಪಟ್ಟಾಯಕ್ಕೆ ಹೊರಟವರೆಲ್ಲ ಓದಿಕೊಳ್ಳಿ. ವೀಸಾ, ಸಿಮ್, ಕರೆನ್ಸಿ, ರಾತ್ರಿ ಓಡಾಟ ಎಲ್ಲ ಇದೆ 😉

ಸೀನ: 😂😂

ಸೀನ: ಇದು ಹಳೇದು ಮಾರಾಯ. ವಿಮಾನದಲ್ಲಿ ಕಾಗದದ ಕಾರ್ಡ್ ತುಂಬಿ ಅಂತ ಬರೆದಿದ್ದಾರೆ. 2025ರ ಮೇ 1ರಿಂದ ಅದು ಆನ್‌ಲೈನ್. ಡಿಜಿಟಲ್ ಅರೈವಲ್ ಕಾರ್ಡ್. ಸರ್ಕಾರಿ ಸೈಟಿನಲ್ಲಿ ಉಚಿತ, ದುಡ್ಡು ಕೇಳುವ ಸೈಟುಗಳೆಲ್ಲ ದಲ್ಲಾಳಿಗಳದ್ದು. ಇ-ಸಿಗರೇಟ್ ತೊಗೊಂಡು ಹೋಗಿ ಅಂತಲೂ ಇದೆ. ಅಲ್ಲಿ ಅದು ನಿಷೇಧ.

ರೇಖಾ: ಮೊದಲ ಮೂರು ಪುಟ ವೀಸಾ, ಸಿಮ್. ಉಳಿದದ್ದೆಲ್ಲ ಹೆಂಗಸರನ್ನು ಎಲ್ಲಿ ಹುಡುಕಬೇಕು, ಎಷ್ಟು ಚೌಕಾಸಿ ಮಾಡಬೇಕು, ಬೆಳಿಗ್ಗೆ ಹೇಗೆ ಸಾಗಹಾಕಬೇಕು ಅಂತ. ಈ ಗುಂಪಿನಲ್ಲಿ ನಾವೂ ಇದ್ದೇವೆ ಅನ್ನುವುದು ಮರೆತುಹೋಯಿತಾ? ಅಡ್ಮಿನ್, ಇದನ್ನು ತೆಗೆ.

ಗಿರೀಶ: ಅಯ್ಯೋ ತಾಯಿ, ಓದಲೇಬೇಕು ಅಂತ ಯಾರು ಹೇಳಿದರು? ಹೋಗುವವರ ಸೇಫ್ಟಿಗೆ ಹಾಕಿದೆ. ಮೋಸ ಹೋಗಬಾರದು, ರೋಗ ತರಬಾರದು, ಅಷ್ಟೇ.

(ಆಗಲೇ ತೆಗೆದುಬಿಡಬಹುದಿತ್ತು. ಆದರೆ ಅಷ್ಟರಲ್ಲಿ ಎಲ್ಲರ ಫೋನಿನಲ್ಲೂ ಇಳಿದಾಗಿತ್ತು. ಸುಮ್ನೆ ಅಳಿಸಿ ಏನೂ ಆಗಿಲ್ಲ ಎನ್ನುವಂತೆ ಇರುವುದಕ್ಕಿಂತ ಜಗಳವೇ ಮೇಲು ಅನ್ನಿಸಿತು.)

ಫಣಿ: ರೇಖಾ, ನಿನ್ನ ಸಿಟ್ಟು ಸರಿ. ಆದರೆ ಒಂದು ಮಾತು. ವಯಸ್ಸಿಗೆ ಬಂದ ಹೆಂಗಸು ತಾನಾಗಿ ಮಾಡುವ ಕೆಲಸವನ್ನು ಪಾಪ ಅಂತ ನಾವು ಕೂತಲ್ಲೇ ತೀರ್ಮಾನಿಸುವುದು ಬೇಡ. ನ್ಯೂಜಿಲೆಂಡಿನಲ್ಲಿ 2003ರಿಂದ ಅದು ಅಪರಾಧವಲ್ಲ. ನೆದರ್‌ಲೆಂಡ್ಸ್ 2000ದಲ್ಲಿ, ಜರ್ಮನಿ 2002ರಲ್ಲಿ ಕಾನೂನು ಬದಲಿಸಿದವು. ಬ್ಯಾಂಕಾಕಿನ ಪಟ್‌ಪಾಂಗ್ ಬೀದಿಯಲ್ಲಿ 1985ರಲ್ಲಿ ಶುರುವಾದ ಎಂಪವರ್ ಅನ್ನುವ ಸಂಸ್ಥೆ ಇದೆ. ಅಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಮಾತಾಡುತ್ತಾರೆ. ರಕ್ಷಣೆ ಅಂತ ಪೊಲೀಸರು ನುಗ್ಗಿದಾಗ ಪೆಟ್ಟು ಬೀಳುವುದು ತಮಗೇ ಅಂತ ಅವರ ದೂರು.

ರೇಖಾ: ನಾನು ಅವರನ್ನು ಪಾಪಿ ಅಂದೆನಾ? ಕೊಳ್ಳುವವನ ಬಗ್ಗೆ ಕೇಳಿದೆ. ಸ್ವೀಡನ್ 1999ರಲ್ಲೇ ಆ ದಾರಿ ಹಿಡಿಯಿತು. ಮಾರುವವಳು ಅಪರಾಧಿ ಅಲ್ಲ, ಕೊಳ್ಳುವವನು ಅಪರಾಧಿ. ಫ್ರಾನ್ಸ್ 2016ರಲ್ಲಿ ಹಾಗೇ ಮಾಡಿತು.

ನಾಗರಾಜ: ನಾರ್ವೆಯದು ಇನ್ನೂ ಬಿಗಿ. 2009ರಿಂದ ಅಲ್ಲಿನವರು ಬೇರೆ ದೇಶಕ್ಕೆ ಹೋಗಿ ಕೊಂಡರೂ ತಮ್ಮ ದೇಶದ ಕಾನೂನಿನಲ್ಲಿ ಅಪರಾಧ.

ಗಿರೀಶ: ವಕೀಲ್ ಸಾಹೇಬರು ಬಂದರು 🙏 ನಾವು ನಾರ್ವೆಯವರಲ್ಲ. ಥಾಯ್ಲೆಂಡಿನಲ್ಲಿ ಎಲ್ಲ ಲೀಗಲ್. ಬೀದಿಯಲ್ಲೇ ಬೋರ್ಡ್ ಹಾಕಿರುತ್ತಾರೆ.

ನಾಗರಾಜ: ಬೋರ್ಡ್ ಇರುವುದು ಬಾರ್‌ಗೆ, ಮಸಾಜ್‌ಗೆ. 1966ರ ಮನರಂಜನಾ ಸ್ಥಳಗಳ ಕಾಯ್ದೆಯಲ್ಲಿ ಅವಕ್ಕೆ ಲೈಸೆನ್ಸ್ ಸಿಗುತ್ತದೆ. ಒಳಗೆ ನಡೆಯುವುದಕ್ಕಲ್ಲ. 1996ರ ಕಾಯ್ದೆಯ ಪ್ರಕಾರ ವೇಶ್ಯಾವಾಟಿಕೆ ಅಲ್ಲಿ ಈಗಲೂ ಕಾನೂನುಬಾಹಿರ. ಬೀದಿಯಲ್ಲಿ ಗಿರಾಕಿ ಕರೆದರೆ 1,000 ಬಾತ್‌ವರೆಗೆ ದಂಡ. ಯಾರಿಗೆ ಗೊತ್ತಾ? ಕರೆದವಳಿಗೆ. ವಯಸ್ಕಳ ಹತ್ತಿರ ಹೋದ ಗಿರಾಕಿಯನ್ನು ಅಲ್ಲಿ ಸಾಮಾನ್ಯವಾಗಿ ಯಾರೂ ಮುಟ್ಟುವುದಿಲ್ಲ. ನೀನು ಲೀಗಲ್ ಅಂದುಕೊಂಡಿರುವುದು ಇದನ್ನೇ.

ಸೀನ: ಪಿಡಿಎಫ್‌ನಲ್ಲಿ ಬಾರ್ ಫೈನ್ ಅಂತ ಇದೆಯಲ್ಲ, ಅದು ಈ ದಂಡವಾ?

ಫಣಿ: ಅಲ್ಲ. ಹುಡುಗಿಯನ್ನು ಡ್ಯೂಟಿ ಮಧ್ಯೆ ಹೊರಗೆ ಕರೆದುಕೊಂಡು ಹೋಗಲು ಬಾರ್ ಮಾಲೀಕನಿಗೆ ಕಟ್ಟುವ ದುಡ್ಡು. ತಿಂಗಳಿಗೆ ಇಷ್ಟು ಡ್ರಿಂಕ್ ಮಾರಿಸಬೇಕು ಅಂತಲೂ ಎಷ್ಟೋ ಬಾರ್‌ಗಳಲ್ಲಿ ಕೋಟಾ ಇರುತ್ತದೆ. ಆಗದಿದ್ದರೆ ಸಂಬಳ ಕಡಿತ. ಒಪ್ಪಿಕೊಳ್ಳುತ್ತೇನೆ, ಇದು ನ್ಯೂಜಿಲೆಂಡ್ ಅಲ್ಲ. ಈ ವ್ಯಾಪಾರ ಅಲ್ಲಿ ಇಷ್ಟು ದೊಡ್ಡದಾಗಿದ್ದರಲ್ಲಿ ವಿಯೆಟ್ನಾಂ ಯುದ್ಧದ ಪಾಲೂ ಇದೆ. ಅಮೆರಿಕದ ಸೈನಿಕರನ್ನು ರಜೆಗೆ ಅಲ್ಲಿಗೆ ಕಳಿಸಲು 1967ರಲ್ಲಿ ಎರಡೂ ಸರ್ಕಾರಗಳು ಒಪ್ಪಂದ ಮಾಡಿಕೊಂಡವು. ಪಟ್ಟಾಯದ ಪಕ್ಕದಲ್ಲೇ ಉ-ತಪಾವ್ ವಾಯುನೆಲೆ.

ಗಿರೀಶ: ಇತಿಹಾಸದ ಕ್ಲಾಸ್ ಮುಗಿಯಿತಾ? 😴

ಸುಮಾ: ಡ್ಯೂಟಿ ಮುಗಿಸಿ ಈಗ ನೋಡಿದೆ. ಗಿರೀಶ, ನಿನ್ನ ಪಿಡಿಎಫ್‌ನ ರೋಗದ ಪುಟ ಪೂರ್ತಿ ಕಸ. ‘ಕಾಂಡೋಮ್ ಇದ್ದರೆ ಚಿಂತೆಯಿಲ್ಲ, ಇಲ್ಲದಿದ್ದರೆ ಮರುದಿನ ಒಂದು ಆ್ಯಂಟಿಬಯಾಟಿಕ್ ನುಂಗಿ’ ಅಂತೆ! ಎಚ್ಐವಿ ವೈರಸ್ಸಿಗೆ ಆ್ಯಂಟಿಬಯಾಟಿಕ್ ಏನೂ ಮಾಡುವುದಿಲ್ಲ. ಅದಕ್ಕೆ ಪೆಪ್ ಅನ್ನುವ ಬೇರೆ ಔಷಧ ಇದೆ. 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಅಷ್ಟು ಒಳ್ಳೆಯದು. 28 ದಿನ ಬಿಡದೆ ನುಂಗಬೇಕು. ಊರಿಗೆ ಬಂದಮೇಲೆ ನೋಡೋಣ ಅಂದರೆ ಆ ಹೊತ್ತು ಮೀರಿರುತ್ತದೆ. ಬಂದ ಮರುದಿನ ಟೆಸ್ಟ್ ನೆಗೆಟಿವ್ ಬಂತು ಅಂತ ಕುಣಿಯುವಂತೆಯೂ ಇಲ್ಲ. ರಕ್ತದಲ್ಲಿ ಕಾಣಿಸಲು ವಾರಗಳು ಬೇಕು. ಕಾಂಡೋಮ್ ಬೇಕೇ ಬೇಕು. ಆದರೆ ಸಿಫಿಲಿಸ್, ಹರ್ಪಿಸ್, ಎಚ್‌ಪಿವಿ ಚರ್ಮ ತಾಗಿದರೂ ಬರುತ್ತವೆ. ಸಿಫಿಲಿಸ್‌ನ ಮೊದಲ ಹುಣ್ಣು ನೋಯುವುದೇ ಇಲ್ಲ, ತಾನಾಗಿ ಒಣಗುತ್ತದೆ. ವಾಸಿಯಾಯಿತು ಅಂದುಕೊಂಡು ಮನೆಯವಳಿಗೆ ದಾಟಿಸುತ್ತಾರೆ. ಹೆಪಟೈಟಿಸ್ ಬಿ ಲಸಿಕೆಯ ಮಾಮೂಲಿ ಕೋರ್ಸಿಗೆ ಆರು ತಿಂಗಳು ಬೇಕು. ಇನ್ನು ಗೊನೊರಿಯಾ. 2018ರಲ್ಲಿ ಆಗ್ನೇಯ ಏಷ್ಯಾಕ್ಕೆ ಹೋಗಿ ಬಂದ ಬ್ರಿಟನ್ನಿನ ಒಬ್ಬನಿಗೆ ಮಾಮೂಲಿ ಎರಡು ಔಷಧ ಕೊಟ್ಟರೂ ಅದು ಹೋಗಲಿಲ್ಲ. ಕೊನೆಗೆ ರಕ್ತನಾಳಕ್ಕೆ ಬೇರೆ ಔಷಧ ಕೊಟ್ಟು ವಾಸಿ ಮಾಡಿದರು. ಸಿಕ್ಕ ಸಿಕ್ಕ ಆ್ಯಂಟಿಬಯಾಟಿಕ್ ನುಂಗುವ ಈ ಚಾಳಿಯೇ ಅಂಥ ರೋಗಾಣುವನ್ನು ಬೆಳೆಸುವುದು.

ಸುಮಾ: ಇನ್ನೊಂದು. ಬೀದಿಯಲ್ಲಿ ಸಿಗುವ ನೀಲಿ ಮಾತ್ರೆ, ಅಂದರೆ ವಯಾಗ್ರ. ಅರ್ಧಕ್ಕರ್ಧ ನಕಲಿ ಇರಬಹುದು, ಅದು ಬಿಡಿ. ಅಸಲಿಯೂ ಅಪಾಯ. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಮಾತ್ರೆ ಯಾರು ಇಟ್ಟುಕೊಂಡಿದ್ದೀರೋ, ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ. ಹೆಸರು ಹೇಳುವುದಿಲ್ಲ. ಗೊತ್ತಿದ್ದವರಿಗೆ ಗೊತ್ತು.

ಸೀನ: 😶

ರೇಖಾ: ಸುಮಾ, ನೀನು ಇವರಿಗೆ ಇನ್ನೂ ಒಳ್ಳೆಯ ಗೈಡ್ ಬರೆದುಕೊಡುತ್ತಿದ್ದೀಯ ಅಷ್ಟೇ.

ಸುಮಾ: ಇರಬಹುದು. ನನ್ನ ಹತ್ತಿರ ಬರುವವರು ಎಲ್ಲ ಮುಗಿದಮೇಲೆ ಬರುತ್ತಾರೆ ರೇಖಾ. ಅವರ ಹೆಂಡತಿಯರೂ ಬರುತ್ತಾರೆ, ಏನೂ ಗೊತ್ತಿಲ್ಲದೆ. ಬೈದು ಕಳಿಸಿದರೆ ಟೆಸ್ಟ್ ಮಾಡಿಸದೆ ಹೋಗುತ್ತಾರೆ.

ಗಿರೀಶ: ನೋಡಿದೆಯಾ, ಡಾಕ್ಟರೇ ಪ್ರಾಕ್ಟಿಕಲ್. ಸರಿ, ರೋಗದ ಪುಟ ತಪ್ಪು ಅಂದುಕೊಳ್ಳಿ. ಮಿಕ್ಕಿದ್ದು ಉಪಯೋಗಕ್ಕೆ ಬರುತ್ತದೆ.

ಸುಮಾ: ಮಿಕ್ಕಿದ್ದಾ? ಏಳನೇ ಸಲಹೆಯನ್ನು ಗುಂಪಿಗೆ ಓದಿ ಹೇಳು.

(ಗಿರೀಶ ಓದಲಿಲ್ಲ. ಟೈಪ್ ಮಾಡುತ್ತಿದ್ದಾರೆ ಅಂತ ಬಂತು, ಹೋಯಿತು, ಮತ್ತೆ ಬಂತು.)

ನಾಗರಾಜ: ನಾನೇ ಹಾಕುತ್ತೇನೆ. ‘7. ರಾತ್ರಿ ಜೊತೆಗೆ ಬರುವವರ ಐಡಿ ಕಾರ್ಡ್ ಕೇಳದ ಹೋಟೆಲನ್ನೇ ಬುಕ್ ಮಾಡಿ. ರಿಸೆಪ್ಷನ್‌ನಲ್ಲಿ ಕಿರಿಕಿರಿ ಇರುವುದಿಲ್ಲ.’

ಗಿರೀಶ: ಅದರಲ್ಲೇನಿದೆ? ಪ್ರೈವೆಸಿ.

ನಾಗರಾಜ: ಅಲ್ಲಿನ ಎಷ್ಟೋ ಹೋಟೆಲುಗಳು ಹೊರಗಿಂದ ಬರುವವರ ಐಡಿ ಇಟ್ಟುಕೊಳ್ಳುವುದಕ್ಕೆ ಎರಡು ಕಾರಣ. ಕಳ್ಳತನವಾದರೆ ಹಿಡಿಯಲು ಒಂದು. ವಯಸ್ಸು 18 ಆಗಿದೆಯಾ ನೋಡಲು ಇನ್ನೊಂದು. ಅದನ್ನು ತಪ್ಪಿಸುವ ಹೋಟೆಲ್ ಹುಡುಕು ಅಂತ ಹೇಳಿಕೊಡುವವನು ಯಾರಿಗೆ ಬರೆದಿದ್ದಾನೆ?

ಗಿರೀಶ: ಏನೋ ಹೇಳುತ್ತಿದ್ದೀಯ ನೀನು? ನಾವು ಮಕ್ಕಳ ಹತ್ತಿರ ಹೋಗುವವರಾ? ನನಗೂ ಮಗಳಿದ್ದಾಳೆ. ಮಾತು ಹಿಡಿತದಲ್ಲಿರಲಿ.

ನಾಗರಾಜ: ನೀನು ಹೋಗುತ್ತೀಯ ಅನ್ನಲಿಲ್ಲ. ಆದರೆ ಹೋಗುವವರೂ ಹೊರಡುವಾಗ ಹಾಗೆ ಅಂದುಕೊಂಡು ಹೊರಡುವುದಿಲ್ಲ. ಎಕ್ಪಾಟ್ ಅಂತ ಮಕ್ಕಳ ಶೋಷಣೆ ವಿರುದ್ಧದ ಸಂಘಟನೆ, 1990ರಲ್ಲಿ ಥಾಯ್ಲೆಂಡಿನಲ್ಲೇ ಹುಟ್ಟಿದ್ದು. ಅವರ ಮುಂದಾಳತ್ವದಲ್ಲಿ 2016ರಲ್ಲಿ ಬಂದ ಜಾಗತಿಕ ಅಧ್ಯಯನ ಇದನ್ನೇ ಹೇಳಿತು. ಪ್ರವಾಸದಲ್ಲಿ ಮಕ್ಕಳನ್ನು ಬಳಸಿಕೊಂಡವರಲ್ಲಿ ಹೆಚ್ಚಿನವರು ಮಕ್ಕಳನ್ನೇ ಹುಡುಕಿಕೊಂಡು ಹೋದವರಲ್ಲ. ಅವಕಾಶ ಸಿಕ್ಕಿತು, ಯಾರೂ ಕೇಳಲಿಲ್ಲ, ಬಳಸಿಕೊಂಡರು. ಮಂದ ಬೆಳಕು, ಮೇಕಪ್, ನಾಲ್ಕು ಪೆಗ್. ಅವಳು 20 ಅನ್ನುತ್ತಾಳೆ. ಹಾಗನ್ನು ಅಂತ ಅವಳಿಗೆ ಯಾರೋ ಹೇಳಿಕೊಟ್ಟಿರುತ್ತಾರೆ.

ಫಣಿ: ಇಲ್ಲಿ ನಾನು ನಾಗರಾಜನ ಕಡೆ. ವಯಸ್ಕರ ಒಪ್ಪಿಗೆ ಅಂತ ವಾದ ಮಾಡುವವನೇ ಮೊದಲು ವಯಸ್ಸು ನೋಡಬೇಕಲ್ಲ. ಐಡಿ ಬೇಡ ಅಂದರೆ ನನ್ನ ವಾದ ನಿಲ್ಲುವುದಿಲ್ಲ.

ಸೀನ: ಸಿಕ್ಕಿಬಿದ್ದರೆ ಏನಾಗುತ್ತದೆ?

ನಾಗರಾಜ: ಆ 1996ರ ಕಾಯ್ದೆಯಲ್ಲೇ ಇದೆ. ಅಂಥ ಅಡ್ಡೆಯಲ್ಲಿ 15 ದಾಟಿ 18 ತುಂಬದವಳಾದರೆ ಗಿರಾಕಿಗೆ 1ರಿಂದ 3 ವರ್ಷ ಜೈಲು, 20,000ದಿಂದ 60,000 ಬಾತ್ ದಂಡ. 15 ದಾಟದಿದ್ದರೆ 2ರಿಂದ 6 ವರ್ಷ. ಅವಳು ಒಪ್ಪಿದ್ದಳು ಅನ್ನುವುದು ನಡೆಯುವುದಿಲ್ಲ. ವಿಮಾನ ಹತ್ತಿ ವಾಪಸ್ ಬಂದರೆ ಮುಗಿಯಿತು ಅಂದುಕೊಳ್ಳಬೇಡಿ. ಆಸ್ಟ್ರೇಲಿಯಾ 1994ರಿಂದ, ಅಮೆರಿಕ 2003ರ ಪ್ರೊಟೆಕ್ಟ್ ಕಾಯ್ದೆಯಿಂದ ತಮ್ಮವರನ್ನು ತಮ್ಮ ಕೋರ್ಟಿನಲ್ಲೇ ನಿಲ್ಲಿಸುತ್ತವೆ. ಅಮೆರಿಕದಲ್ಲಿ 30 ವರ್ಷದವರೆಗೆ ಜೈಲು. ನಮ್ಮ ಭಾರತೀಯ ನ್ಯಾಯ ಸಂಹಿತೆಯೂ ಭಾರತೀಯ ಪ್ರಜೆ ಹೊರದೇಶದಲ್ಲಿ ಮಾಡಿದ ಅಪರಾಧಕ್ಕೆ ಅನ್ವಯಿಸುತ್ತದೆ. ವಿಚಾರಣೆಗೆ ಕೇಂದ್ರ ಸರ್ಕಾರದ ಅನುಮತಿ ಬೇಕು, ಅಷ್ಟೇ. 18ರ ಒಳಗಿನವಳು ಒಪ್ಪಿದರೂ ಅದು ಅತ್ಯಾಚಾರ.

ಗಿರೀಶ: ಈ ಮೆಸೇಜನ್ನು ಅಳಿಸಲಾಗಿದೆ

ರೇಖಾ: ಅಳಿಸಿದ್ದು ಕಂಡಿತು. ನನ್ನನ್ನು ಏನು ಕರೆದೆ ಅಂತ ಸ್ಕ್ರೀನ್‌ಶಾಟ್ ಇದೆ.

ಅಡ್ಮಿನ್: ಗಿರೀಶ, ಇನ್ನೊಂದು ಸಲ ಆ ಥರ ಬಂದರೆ ಹೊರಗೆ. ಹಳೇ ಸ್ನೇಹ ಗಿಹ ನೋಡುವುದಿಲ್ಲ.

ಗಿರೀಶ: ಸರಿ ಸರಿ. ಸಾರಿ ರೇಖಾ. ಆದರೆ ನೀವೆಲ್ಲ ಗಿರಾಕಿಯನ್ನು ರಾಕ್ಷಸ ಮಾಡುತ್ತಿದ್ದೀರಿ. ಅಲ್ಲಿ ಹೋದವರು ಎಷ್ಟು ಮೋಸ ಹೋಗುತ್ತಾರೆ ಗೊತ್ತಾ? ಮಹಡಿ ಮೇಲಿನ ಶೋ ಅಂತ ಕರೆದು ಬಿಲ್ ಹತ್ತು ಪಟ್ಟು ಮಾಡಿ ಬಾಗಿಲು ಹಾಕುತ್ತಾರೆ. ಡ್ರಿಂಕ್‌ಗೆ ಏನೋ ಬೆರೆಸುತ್ತಾರೆ. ಅದಕ್ಕೆ ಯಾರೂ ಅಳುವುದಿಲ್ಲ.

ನಾಗರಾಜ: ಅದು ನಿಜ. ಮಹಡಿ ಮೇಲೆ ಹತ್ತಲೇಬೇಡಿ. ಸಿಕ್ಕಿಹಾಕಿಕೊಂಡರೆ ಹೊರಬಂದು 1155, ಟೂರಿಸ್ಟ್ ಪೊಲೀಸ್. ಕೊಲಂಬಿಯಾದ ಮೆಡೆಯಿನ್‌ನಲ್ಲಿ ಇನ್ನೂ ಕೆಟ್ಟದ್ದು ನಡೆಯಿತು. 2023ರ ಕೊನೆಯ ಎರಡು ತಿಂಗಳಲ್ಲೇ ಅಮೆರಿಕದ ಎಂಟು ಜನರ ಅನುಮಾನಾಸ್ಪದ ಸಾವು. ಹಲವರ ವಿಷಯದಲ್ಲಿ ಡೇಟಿಂಗ್ ಆ್ಯಪ್ ನಂಟು, ಅಮಲು ಬೆರೆಸಿದ ಅನುಮಾನ. ಅಮೆರಿಕದ ರಾಯಭಾರ ಕಚೇರಿಯೇ ಎಚ್ಚರಿಕೆ ಕೊಟ್ಟಿತು. ಆಮೇಲೆ ಏನಾಯಿತು ಗೊತ್ತಾ? 2024ರಲ್ಲಿ ಅದೇ ಊರಿನ ಹೋಟೆಲಿನಲ್ಲಿ 12, 13 ವರ್ಷದ ಇಬ್ಬರು ಹುಡುಗಿಯರ ಜೊತೆ ಅಮೆರಿಕದ ಒಬ್ಬ ಸಿಕ್ಕ. ಮೇಯರ್ ಕೆಲವು ಬಡಾವಣೆಗಳಲ್ಲಿ ಆರು ತಿಂಗಳು ಲೈಂಗಿಕ ವ್ಯಾಪಾರವನ್ನೇ ನಿಷೇಧಿಸಿದರು.

ರೇಖಾ: ಗಿರೀಶ, ನಿನ್ನ 21 ಸಲಹೆಯಲ್ಲಿ ನಿನ್ನ ಪರ್ಸ್ ಇದೆ, ನಿನ್ನ ಫೋನ್ ಇದೆ, ನಿನ್ನ ಆರೋಗ್ಯ ಇದೆ. ಅವಳು ಹೆದರಿದ್ದರೆ? ಯಾರೋ ಬಾಗಿಲ ಹೊರಗೆ ಕಾಯುತ್ತಿದ್ದರೆ? ದುಡ್ಡು ಅವಳ ಕೈಗೆ ಸಿಗದಿದ್ದರೆ? ಅವಳ ಕಾಗದಪತ್ರ ಬೇರೆಯವರ ಹತ್ತಿರ ಇದ್ದರೆ? ಒಂದಾದರೂ ಸಲಹೆ ತೋರಿಸು.

(ಇದಕ್ಕೆ ಉತ್ತರ ಬರಲಿಲ್ಲ. ನಾನೂ ಪಿಡಿಎಫ್ ತೆರೆದು ಹುಡುಕಿದೆ. ಇರಲಿಲ್ಲ. ‘ಮುಖ ಸಪ್ಪೆ ಮಾಡಿಕೊಂಡವಳನ್ನು ಆರಿಸಬೇಡಿ, ದುಡ್ಡು ದಂಡ’ ಅಂತ 14ನೆಯದು ಇತ್ತು. ಅದನ್ನು ಗುಂಪಿಗೆ ಹಾಕಲು ಮನಸ್ಸಾಗಲಿಲ್ಲ.)

ಫಣಿ: ಅಂಥದ್ದು ಕಂಡರೆ ಎದ್ದು ಬಂದು ಟೂರಿಸ್ಟ್ ಪೊಲೀಸರಿಗೆ ತಿಳಿಸಬಹುದು. ಹೆಸರು ಹೇಳದೆಯೂ.

ರೇಖಾ: ಎದ್ದು ಬರುವಷ್ಟು ಹೋಶ್ ಇದ್ದರೆ. ನನಗೆ ನಿನ್ನ ನ್ಯೂಜಿಲೆಂಡ್ ಇನ್ನೂ ಒಪ್ಪಿಗೆಯಿಲ್ಲ ಫಣಿ.

ಫಣಿ: ನನಗೂ ನಿನ್ನ ಸ್ವೀಡನ್ ಒಪ್ಪಿಗೆಯಿಲ್ಲ. ಇರಲಿ ಬಿಡು. ಅಂದಹಾಗೆ ನ್ಯೂಜಿಲೆಂಡಿನ ಕಾನೂನಿನಲ್ಲೂ ತಾತ್ಕಾಲಿಕ ವೀಸಾದವರು ಈ ಕೆಲಸ ಮಾಡುವಂತಿಲ್ಲ. ಹಾಗಾಗಿ ಹೊರಗಿಂದ ಬಂದವಳು ದೂರು ಕೊಡಲು ಹೆದರುತ್ತಾಳೆ. ಅಲ್ಲಿಯೂ ತೂತು ಇದೆ.

ಅಡ್ಮಿನ್: ಪಿಡಿಎಫ್ ತೆಗೆಯುತ್ತಿದ್ದೇನೆ. ಯಾರೂ ಮುಂದಕ್ಕೆ ಕಳಿಸಬೇಡಿ. ಚರ್ಚೆ ಇರಲಿ.

ಸೀನ: ಹೋಟೆಲ್ ಬುಕಿಂಗ್ ನನ್ನ ಹೆಸರಿನಲ್ಲಿದೆ. ನೋಡಿದೆ, ಅದು ಆ ಏಳನೇ ಸಲಹೆಯ ಪಟ್ಟಿಯಲ್ಲೇ ಇದೆ. ಕ್ಯಾನ್ಸಲ್ ಮಾಡಿದೆ. ಪಟ್ಟಾಯ ಎರಡು ರಾತ್ರಿ ಕಡಿಮೆ ಮಾಡಿ ಅಯುತ್ಥಾಯಕ್ಕೆ ಹಾಕಲಾ? ಬೇಡ ಅನ್ನುವವರು ತಾವೇ ಬುಕ್ ಮಾಡಿಕೊಳ್ಳಿ. ನನ್ನ ಕಾರ್ಡ್ ಕೊಡುವುದಿಲ್ಲ.

ಗಿರೀಶ: ಹಳೇ ದೇವಸ್ಥಾನ ನೋಡಲು ವಿಮಾನ ಹತ್ತಬೇಕಾ ನಾನು?

ಸೀನ: ನಿನಗೆ ಬೇರೆ ರೂಮ್, ಬೇರೆ ಬಿಲ್.

ಸುಮಾ: ಟ್ರಾವೆಲ್ ಇನ್ಶೂರೆನ್ಸ್ ಫಾರ್ಮಿನಲ್ಲಿ ಬಿಪಿ, ಶುಗರ್, ಸ್ಟೆಂಟ್ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಕ್ಲೇಮ್ ಹೋಗುತ್ತದೆ. ಕುಡಿದು ಆದ ಅಪಘಾತ, ಲೈಂಗಿಕ ರೋಗ ಇವಕ್ಕೆ ಬಹಳ ಪಾಲಿಸಿಗಳಲ್ಲಿ ದುಡ್ಡು ಬರುವುದಿಲ್ಲ. ಪಾಲಿಸಿ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಓದಿ. ಟೆಸ್ಟ್ ಬಗ್ಗೆ ಕೇಳಬೇಕಾದವರು ನನಗೆ ಪ್ರತ್ಯೇಕವಾಗಿ ಮೆಸೇಜ್ ಮಾಡಿ. ಗುಂಪಿನಲ್ಲಿ ಬೇಡ.

ನಾಗರಾಜ: ಬೈಕ್ ಬಾಡಿಗೆಗೆ ಪಾಸ್‌ಪೋರ್ಟ್ ಅಡ ಇಡಬೇಡಿ. ಜೆರಾಕ್ಸ್ ಕೊಡಿ, ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ. ಪೊಲೀಸರು ಹಿಡಿದರೆ ನಮ್ಮ ರಾಯಭಾರ ಕಚೇರಿಗೆ ತಿಳಿಸಿ ಅಂತ ಕೇಳುವ ಹಕ್ಕಿದೆ. 1963ರ ವಿಯೆನ್ನಾ ಒಪ್ಪಂದದ್ದು. ಅವರು ವಕೀಲರ ಪಟ್ಟಿ ಕೊಡುತ್ತಾರೆ, ಬಿಡಿಸಿಕೊಂಡು ಬರುವುದಿಲ್ಲ.

ಗಿರೀಶ: ನಾಗರಾಜ, ನನ್ನ ಪಾಸ್‌ಪೋರ್ಟ್‌ನಲ್ಲಿ ನಾಲ್ಕೇ ತಿಂಗಳು ಉಳಿದಿದೆ. ನಡೆಯುತ್ತದಾ?

ನಾಗರಾಜ: ಇಲ್ಲ. ಆರು ತಿಂಗಳಾದರೂ ಇರಬೇಕು. ಚೆಕ್-ಇನ್ ಕೌಂಟರಿನಲ್ಲೇ ವಾಪಸ್ ಕಳಿಸುತ್ತಾರೆ. ಇವತ್ತೇ ರಿನ್ಯೂವಲ್‌ಗೆ ಹಾಕು.