ಓದಿದ ಕಾದಂಬರಿಗಳ ನಂಟಿನ ನಕ್ಷೆ: ಎಐ ಎಲ್ಲ ಗೆರೆಯನ್ನೂ ಒಂದೇ ಕಡೆ ಎಳೀತಿದೆ, ಏನು ಮಾಡಲಿ?

ದಾವಣಗೆರೆ ಓದುಗ:
ನಮಸ್ಕಾರ. ಕಾದಂಬರಿ ಓದುವಾಗ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುವುದು ನನ್ನ ಅಭ್ಯಾಸ. ಪಾತ್ರ, ಊರು, ಮನಸ್ಸಿಗೆ ತಟ್ಟಿದ ಸಂಗತಿ, ಪುಟದ ಸಂಖ್ಯೆ, ಇಷ್ಟೇ. 'ಚೋಮನ ದುಡಿ', 'ಮಲೆಗಳಲ್ಲಿ ಮದುಮಗಳು', 'ಸಂಸ್ಕಾರ', 'ಗೃಹಭಂಗ', 'ಕರ್ವಾಲೊ' ಎಲ್ಲ ಅದರಲ್ಲಿವೆ. ಒಂದರಿಂದ ಇನ್ನೊಂದಕ್ಕೆ ಎಲ್ಲೆಲ್ಲಿ ದಾರಿ ಇದೆ ಅಂತ ನಕ್ಷೆ ಮಾಡಬೇಕು ಅನ್ನೋದು ಬಹಳ ದಿನದ ಆಸೆ. ಹೆಸರುಗಳನ್ನು ಕೊಟ್ಟು ಎಐಗೆ ಕೇಳಿದೆ. ನಕ್ಷೆ ನೋಡಲು ಚೆನ್ನಾಗಿದೆ. ಆದರೆ ಎಲ್ಲ ಗೆರೆಯೂ 'ಜಾತಿ', 'ಪರಂಪರೆ', 'ಆಧುನಿಕತೆ' ಈ ಮೂರಕ್ಕೇ ಹೋಗಿ ಸೇರುತ್ತವೆ. ಹೀಗೆ ಹೇಳಿದರೆ ಯಾವ ಕಾದಂಬರಿಗೂ ಒಪ್ಪುತ್ತೆ ಅಲ್ವಾ? ಸಾಲದ್ದಕ್ಕೆ 'ಮದುಮಗಳು'ವಿನ ಗುತ್ತಿಯ ನಾಯಿ ಹುಲಿಯನನ್ನು 'ಕರ್ವಾಲೊ'ಗೆ ತಂದು ಸೇರಿಸಿದೆ. ಇದನ್ನು ಸರಿಯಾಗಿ ಮಾಡುವ ದಾರಿ ಯಾರಿಗಾದರೂ ಗೊತ್ತಾ?

ಸೂಚಿ ಬರೆಯುವವಳು:
ಪುಸ್ತಕದ ಕೊನೆಯಲ್ಲಿ ಬರುವ ಪದಸೂಚಿ ಮಾಡಿಕೊಡುವುದು ನನ್ನ ಕೆಲಸ. ಹಾಗಾಗಿ ಈ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು.

ನೀವು ಬರೀ ಹೆಸರು ಕೊಟ್ಟಿದ್ದೀರಿ. ಆಗ ಅದು ಪುಸ್ತಕದ ಬಗ್ಗೆ ಬೇರೆಯವರು ಬರೆದದ್ದನ್ನೇ ಜಾಸ್ತಿ ಹೇಳುತ್ತೆ. ವಿಮರ್ಶೆಗಳಲ್ಲಿ ಆ ಮೂರು ಮಾತು ಇದ್ದೇ ಇರುತ್ತವೆ. ನಿಮ್ಮ ನೋಟ್ಸನ್ನೇ ಕೊಡಿ, ಪುಟದ ಸಂಖ್ಯೆ ಸಮೇತ. ನೋಟ್‌ಬುಕ್‌ಎಲ್‌ಎಂ ಥರದ ಎಐ ಆದರೆ ನೀವು ಹಾಕಿದ ಬರಹದಿಂದ ಉತ್ತರ ಹುಡುಕಿ, ಯಾವ ಸಾಲಿನಿಂದ ತೆಗೆದದ್ದು ಅಂತಲೂ ತೋರಿಸುತ್ತೆ.

ಆಮೇಲೆ 'ಆಶಯ' ಕೇಳಬೇಡಿ, ವಸ್ತು ಕೇಳಿ. ಕಾಯಿಲೆ, ಸಾಲ, ನಾಯಿ, ಹೊಳೆ, ಪಾದ್ರಿ. 1986ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಡಾನ್ ಸ್ವಾನ್ಸನ್ ಇದೇ ಬಗೆಯ ಕೆಲಸ ಮಾಡಿದ್ದರು. ಮೀನಿನೆಣ್ಣೆ ರಕ್ತದ ಮಂದತನ ಕಡಿಮೆ ಮಾಡುತ್ತೆ ಅಂತ ಕೆಲವು ಲೇಖನಗಳಲ್ಲಿತ್ತು. ಚಳಿಗೆ ಬೆರಳು ಬಿಳಿಚಿಕೊಳ್ಳುವ ರೇನಾಡ್ ಕಾಯಿಲೆಯವರ ರಕ್ತ ಮಂದವಾಗಿರುತ್ತೆ ಅಂತ ಬೇರೆ ಲೇಖನಗಳಲ್ಲಿತ್ತು. ಎರಡೂ ಗುಂಪಿನವರು ಒಬ್ಬರನ್ನೊಬ್ಬರು ಓದಿರಲಿಲ್ಲ. ಸ್ವಾನ್ಸನ್ ಎರಡನ್ನೂ ಓದಿ, ಆ ಎಣ್ಣೆ ಈ ಕಾಯಿಲೆಗೆ ಉಪಯೋಗವಾಗಬಹುದು ಅಂದರು. ಅವರಿಗೆ ದಾರಿಯಾದದ್ದು ನಡುವಿನ ಒಂದು ಸಣ್ಣ ಸಂಗತಿ, ರಕ್ತದ ಮಂದತನ. 'ಆರೋಗ್ಯ' ಅನ್ನೋ ದೊಡ್ಡ ಮಾತು ಹಿಡಿದು ಹೊರಟಿದ್ದರೆ ಅದು ಸಿಗುತ್ತಲೇ ಇರಲಿಲ್ಲ.

ನಿಮ್ಮ ಪಟ್ಟಿಯಲ್ಲೇ ನೋಡಿ, ಪ್ಲೇಗ್ ಇದೆ. 'ಗೃಹಭಂಗ'ದಲ್ಲಿ ಇಲಿ ಬಿದ್ದರೆ ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಳ್ಳುತ್ತಾರೆ. 'ಸಂಸ್ಕಾರ'ದಲ್ಲೂ ಇಲಿ ಸಾಯುತ್ತವೆ, ಹದ್ದು ಬಂದು ಕೂರುತ್ತವೆ. ಆದರೆ ಅಗ್ರಹಾರ ನಾರಣಪ್ಪನ ಶವ ಸುಡುವವರು ಯಾರು ಅನ್ನೋದರಲ್ಲೇ ಸಿಕ್ಕಿಕೊಂಡಿದೆ. ಕಾಯಿಲೆ ಒಂದೇ, ಊರು ನಡೆದುಕೊಂಡ ರೀತಿ ಎರಡು. ಆ ಗೆರೆಯ ಮೇಲೆ ಬರೀ 'ಪ್ಲೇಗ್' ಅಂತ ಬರೆಯಬೇಡಿ. ಈ ವ್ಯತ್ಯಾಸವನ್ನೇ ಒಂದು ಪೂರ್ತಿ ವಾಕ್ಯವಾಗಿ ಬರೆಯಿರಿ. ವಾಕ್ಯ ಬರೆಯಲು ಬರದ ಗೆರೆಯನ್ನು ನಾನು ಅಳಿಸಿಬಿಡುತ್ತೇನೆ.

ಹೊಸನಗರ:
ಕೈಬರಹದ ಫೋಟೋ ಹಾಕುತ್ತೀರಾದರೆ ಒತ್ತಕ್ಷರ ಒಂದೊಂದೂ ನೋಡಿ. ಹೆಸರು ತಪ್ಪಿದರೆ ಒಂದೇ ಪಾತ್ರ ನಕ್ಷೆಯಲ್ಲಿ ಎರಡು ಚುಕ್ಕೆಯಾಗುತ್ತೆ. ನಾನು ಫೋನಿಗೆ ಓದಿ ಹೇಳಿ ಬರೆಸುತ್ತೇನೆ, ಆಮೇಲೆ ತಿದ್ದುತ್ತೇನೆ. ನಕ್ಷೆಗೆ ಆಬ್ಸಿಡಿಯನ್ ಅನ್ನೋ ನೋಟ್ಸ್ ಆಪ್ ಸಾಕು. ಪುಸ್ತಕಕ್ಕೊಂದು ಫೈಲ್, ವಸ್ತುವಿಗೊಂದು ಫೈಲ್. ಒಂದು ಫೈಲಿನಲ್ಲಿ ಇನ್ನೊಂದರ ಹೆಸರನ್ನು [[ ]] ಒಳಗೆ ಬರೆದರೆ ಗೆರೆ ಅದೇ ಎಳೆಯುತ್ತೆ.

ಕಮಲ ಟೀಚರ್:
ನನ್ನದೊಂದು ತಕರಾರು ಇದೆ. ಎಐ ವಾಕ್ಯಗಳನ್ನು ಅಂಕಿಗಳ ಸಾಲಾಗಿ ಮಾಡಿ, ಹತ್ತಿರದವನ್ನು ಜೋಡಿಸುತ್ತೆ. ಹೋಲಿಕೆ ಬೇಗ ಸಿಗುತ್ತೆ, ವಿರೋಧ ಸಿಗೋದು ಕಷ್ಟ. ಚೋಮ ಬೇಸಾಯಕ್ಕೆ ಭೂಮಿ ಸಿಗಲಿ ಅಂತ ಪಾದ್ರಿಯ ಕಡೆ ಹೊರಡುತ್ತಾನೆ, ತನ್ನ ದೈವ ಪಂಜುರ್ಲಿಯ ಗುಡಿ ಕಂಡು ಹಿಂತಿರುಗುತ್ತಾನೆ. 'ಮದುಮಗಳು'ವಿನ ಬೆಟ್ಟಳ್ಳಿ ದೇವಯ್ಯ ಗೌಡರ ಮನೆಯವನು, ಅವನಿಗೆ ಭೂಮಿಯ ಕೊರತೆಯೇ ಇಲ್ಲ, ಆದರೂ ಪಾದ್ರಿಯ ಕಡೆ ವಾಲುತ್ತಾನೆ. ಇಬ್ಬರನ್ನೂ 'ಮತಾಂತರ' ಅಂತ ಒಂದೇ ಗಂಟು ಹಾಕಿದರೆ ಏನು ಉಳಿಯಿತು? ಅದಕ್ಕೇ ನನ್ನ ಮಕ್ಕಳಿಗೆ ಮೊದಲು ಕಾಗದದ ಮೇಲೆ ತಾವೇ ಗೆರೆ ಎಳೆಯಲು ಹೇಳುತ್ತೇನೆ. ಆಮೇಲೆ ಎಐಗೆ ಕೇಳುವ ಪ್ರಶ್ನೆ ಒಂದೇ: ಇವು ಎಲ್ಲಿ ಬೇರೆಯಾಗುತ್ತವೆ, ಯಾವ ಪುಟದಲ್ಲಿ?

ದಾವಣಗೆರೆ ಓದುಗ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಐದು ಪುಸ್ತಕದ ನೋಟ್ಸ್ ಹಾಕಿ 'ನಾಯಿ' ಅಂತ ಕೇಳಿದೆ. ಚೋಮನ ಬಾಡು, ಗುತ್ತಿಯ ಹುಲಿಯ, 'ಕರ್ವಾಲೊ'ದ ಕಿವಿ, ಮೂರೂ ಅವರವರ ಪುಸ್ತಕದಲ್ಲೇ ಬಂದವು, ಪುಟದ ಸಮೇತ. 'ಸಾಲ' ಕೇಳಿದಾಗ ಚೋಮನ ಮಕ್ಕಳು ಕಾಫಿ ತೋಟಕ್ಕೆ ಹೋದದ್ದೂ, 'ಗೃಹಭಂಗ'ದ ಗಂಗಮ್ಮನ ಮನೆಯ ಜಮೀನು ಕೈಬಿಟ್ಟದ್ದೂ ಅಕ್ಕಪಕ್ಕ ಬಂದವು. ಟೀಚರ್ ಹೇಳಿದ ಹಾಗೆ ಎಲ್ಲಿ ಬೇರೆ ಅಂತ ಕೇಳಿದೆ. ನೋಟ್ಸಿನಲ್ಲಿ ಅಷ್ಟು ವಿವರ ಇಲ್ಲ ಅಂತ ಹೇಳಿತು. ಹಾಗಾಗಿ 'ಗೃಹಭಂಗ' ಮತ್ತೆ ಓದುತ್ತಿದ್ದೇನೆ, ಈ ಸಲ ಸಾಲದ ಲೆಕ್ಕ ಬಂದ ಕಡೆಯೆಲ್ಲ ಗುರುತು ಹಾಕಿಕೊಂಡು. ಸಾಲದ ಗೆರೆಗೆ ಇನ್ಯಾವ ಕನ್ನಡ ಕಾದಂಬರಿ ಸೇರಿಸಬಹುದು, ಹೇಳುತ್ತೀರಾ?