ಅರ್ಧಕ್ಕೆ ನಿಂತ ಕೋಬ್ರಾ ರೆಪ್ಲಿಕಾ ಕೊಳ್ಳಬಹುದಾ? ಪೇಪರ್ ಸಿಯೆರಾ ಹೆಸರಿನಲ್ಲಿದೆ

ಬೆಣ್ಣೆದೋಸೆ_ಎಂಕೆ

ಎಲ್ಲರಿಗೂ ನಮಸ್ಕಾರ. ನಾನಿರೋದು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ, ಊರು ದಾವಣಗೆರೆ. ಅಪ್ಪ ಅಲ್ಲಿ ಲಾರಿ ಮೆಕ್ಯಾನಿಕ್ ಆಗಿದ್ದರು. ಸಂಜೆ ಶಾಲೆಯಿಂದ ಬಂದು ಅವರಿಗೆ ಪಾನಾ ಎತ್ತಿ ಕೊಡುತ್ತಾ ಬೆಳೆದವನು ನಾನು. ಈಗ ದಿನವಿಡೀ ಕಂಪ್ಯೂಟರ್ ಮುಂದೆ ಕೆಲಸ, ಕೈಗೆ ಗ್ರೀಸ್ ತಾಗಿ ಹತ್ತು ವರ್ಷ ಆಯ್ತು. ಆ ಕೆಲಸ ಮತ್ತೆ ಬೇಕು ಅನ್ನಿಸಿದೆ, ಅದಕ್ಕೇ ಕೇಳ್ತಾ ಇದ್ದೇನೆ.

ಒಂದು ಜಾಹೀರಾತು ನೋಡಿದೆ. ಪಿಲ್ಗ್ರಿಮ್ ಸುಮೋ. ನಮ್ಮ ಟಾಟಾ ಸುಮೋ ಅಲ್ಲ, ಎಸಿ ಕೋಬ್ರಾ ಅನ್ನೋ ಹಳೇ ಸ್ಪೋರ್ಟ್ಸ್ ಕಾರಿನ ರೆಪ್ಲಿಕಾ, ಅಂದ್ರೆ ಕಿಟ್ (ಬಿಡಿಭಾಗಗಳ ಸೆಟ್) ಕೊಂಡು ಮನೆಯಲ್ಲೇ ಕಟ್ಟುವ ನಕಲು. ಚಾಸಿ ಮೇಲೆ ಫೈಬರ್ ಬಾಡಿ ಕೂರಿಸಿದ್ದಾರೆ. ಸಸ್ಪೆನ್ಶನ್, ಸ್ಟೀರಿಂಗ್, ಡಿಫರೆನ್ಷಿಯಲ್ ಎಲ್ಲ 1989ರ ಫೋರ್ಡ್ ಸಿಯೆರಾದಿಂದ ಬಿಚ್ಚಿದ್ದು, ಎಂಜಿನ್ ಮಾತ್ರ ರೋವರ್ 3.5 ಲೀಟರ್ ವಿ8. ಎಂಜಿನ್ ಒಳಗೆ ಕೂತಿದೆ, ಆದರೆ ಇನ್ನೂ ಸ್ಟಾರ್ಟ್ ಮಾಡಿಲ್ಲ. ವೈರಿಂಗ್ ಹಾಕಿಲ್ಲ. ಹದಿನಾಲ್ಕು ರಟ್ಟಿನ ಪೆಟ್ಟಿಗೆ ತುಂಬ ಸಾಮಾನು. ಕಟ್ಟುತ್ತಿದ್ದ ಹಿರಿಯರು ತೀರಿಕೊಂಡಿದ್ದಾರೆ, ಮಗ ಮಾರುತ್ತಿದ್ದಾನೆ, 6,500 ಪೌಂಡ್ ಕೇಳ್ತಾನೆ. ಆ ಹಳೇ ಸಿಯೆರಾದ ವಿ5ಸಿ (ಇಲ್ಲಿನ ಆರ್‌ಸಿ) ಇದೆ, ಅದರಿಂದ ರಿಜಿಸ್ಟ್ರೇಷನ್ ಸುಲಭ ಅಂತಾನೆ.

ನನ್ನ ಹತ್ತಿರ ಎಲ್ಲ ಸೇರಿ 12,000 ಪೌಂಡ್ ಇದೆ, ಒಂದು ಕಾರು ನಿಲ್ಲುವ ಗ್ಯಾರೇಜು ಇದೆ, ಶನಿವಾರ ಭಾನುವಾರ ಇದೆ. ಹೋಗಿ ನೋಡಲಾ, ಸುಮ್ನೆ ಬಿಟ್ಟುಬಿಡಲಾ?

ಕಾವೆಂಟ್ರಿ_ಕನ್ನಡಿಗ

ಹೋಗಿ ನೋಡಿ ಸರ್, ಆದರೆ ಆ ವಿ5ಸಿ ಮಾತನ್ನು ನಂಬಿ ಒಂದು ಪೌಂಡೂ ಜಾಸ್ತಿ ಕೊಡಬೇಡಿ. ಇಂಥದ್ದೇ ಒಂದನ್ನು ನಾನು ನಾಲ್ಕು ವರ್ಷ ಕೂತು ಕಟ್ಟಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಸಿಯೆರಾಗೆ ಬೇರೆ ಚಾಸಿ ಅನ್ನೋದೇ ಇಲ್ಲ, ಅದರ ಬಾಡಿಯೇ ಚಾಸಿ. ಅದನ್ನು ಕತ್ತರಿಸಿ ಗುಜರಿಗೆ ಹಾಕಿ, ಒಳಗಿನ ಭಾಗಗಳನ್ನು ಮಾತ್ರ ಹೊಸ ಏಣಿ ಆಕಾರದ ಚಾಸಿಗೆ ಹಾಕಿದ್ದಾರೆ. ಡಿವಿಎಲ್‌ಎ (ಇಲ್ಲಿನ ಆರ್‌ಟಿಒ ಥರದ ಇಲಾಖೆ) ಲೆಕ್ಕದಲ್ಲಿ ಹಳೇ ನಂಬರ್ ಉಳಿಯಬೇಕಾದರೆ ಮೂಲ ಚಾಸಿ ಅಥವಾ ಮೊನೊಕಾಕ್ (ಬಾಡಿಯೇ ಚಾಸಿ ಆಗಿರುವ ರಚನೆ) ಇರಬೇಕು. ಸಿಯೆರಾದ ಮೊನೊಕಾಕ್ ಹೋದ ಮೇಲೆ ಆ ಗುರುತೂ ಹೋಯಿತು. ಉಳಿದ ಭಾಗ ಎಷ್ಟೇ ಇದ್ದರೂ ಪ್ರಯೋಜನ ಇಲ್ಲ. ಕಾರು ಐವಿಎ ಪರೀಕ್ಷೆ (ಒಂದೊಂದು ಗಾಡಿಯನ್ನೂ ಪ್ರತ್ಯೇಕವಾಗಿ ನೋಡುವ ಸರ್ಕಾರಿ ತಪಾಸಣೆ) ಪಾಸಾಗಬೇಕು, ಹೊಸದಾಗಿ ರಿಜಿಸ್ಟರ್ ಆಗಬೇಕು. ಯಾವ ನಂಬರ್ ಅಂತ ಡಿವಿಎಲ್‌ಎಯವರೇ ತೀರ್ಮಾನಿಸುತ್ತಾರೆ, ಕ್ಯೂ ಪ್ಲೇಟ್ (ವಯಸ್ಸು ಖಚಿತವಾಗದ ಗಾಡಿಗೆ ಕೊಡುವ ನಂಬರ್) ಸಿಗಬಹುದು ಅಂತಲೂ ಲೆಕ್ಕ ಹಾಕಿಕೊಳ್ಳಿ. ಅದೇನೂ ಅವಮಾನ ಅಲ್ಲ, ನನ್ನದೂ ಕ್ಯೂ ಪ್ಲೇಟೇ.

ಈ ದೇಶದಲ್ಲಿ ಎಷ್ಟೋ ಜನ ಕೋಬ್ರಾ ಆಕಾರದ ಕಾರನ್ನು ಸಿಯೆರಾ ಪೇಪರ್ ಮೇಲೆ ಓಡಿಸುತ್ತಾರೆ. ಅಪಘಾತ ಆದ ದಿನ ಇನ್ಶೂರೆನ್ಸ್‌ನವರು ಅದನ್ನೇ ಮೊದಲು ಕೇಳುತ್ತಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ನೀವು ಕೇಳಬೇಕಾದ ಪೇಪರ್ ಬೇರೆ. ಕಿಟ್ ಕೊಂಡಾಗಿನ ಬಿಲ್ಲು, ಅದರಲ್ಲಿ ಚಾಸಿ ನಂಬರ್. ಆ ನಂಬರ್ ಚಾಸಿ ಮೇಲೆ ಒತ್ತಿರುವುದಕ್ಕೆ ತಾಳೆ ಆಗಬೇಕು. ಮತ್ತೆ ಆ ಹಿರಿಯರು ಕಟ್ಟುವಾಗ ತೆಗೆದ ಫೋಟೋ ಇದ್ದರೆ ಎಲ್ಲ ಕೇಳಿ ತಗೊಳ್ಳಿ. ಐವಿಎಯಲ್ಲಿ ಇದು ಮನೆಯಲ್ಲೇ ಹವ್ಯಾಸಕ್ಕೆ ಕಟ್ಟಿದ ಗಾಡಿ ಅಂತ ತೋರಿಸಬೇಕಾಗುತ್ತದೆ, ಅಲ್ಲಿ ಫೋಟೋಗಳೇ ನಿಮ್ಮ ಸಾಕ್ಷಿ. ಎಂಜಿನ್ ನಂಬರ್ ಮೇಲೆ ಅದರ ವರ್ಷದ ಪುರಾವೆಯೂ ಇರಲಿ, ಹೊಗೆ ಪರೀಕ್ಷೆ ಎಂಜಿನ್‌ನ ವಯಸ್ಸಿನ ಮೇಲೆ ನಿಂತಿದೆ. ಹಳೇ ಕಾರ್ಬ್ಯುರೇಟರ್ ವಿ8ಗೆ ಅದು ತುಂಬಾ ದೊಡ್ಡ ವ್ಯತ್ಯಾಸ.

ಮಂಡ್ಯ_ಟು_ಡರ್ಬಿ

ಮೇಲಿನ ಸರ್ ಪೇಪರ್ ಬಗ್ಗೆ ಹೇಳಿದ್ದಾರೆ, ನಾನು ಕಬ್ಬಿಣದ ಬಗ್ಗೆ ಹೇಳ್ತೀನಿ.

ಚೆನ್ನಾಗಿರೋ ಟಾರ್ಚ್, ಒಂದು ಸ್ಕ್ರೂಡ್ರೈವರ್, ಒಂದು ಟೇಪು ತಗೊಂಡು ಹೋಗಿ. ಬಾಡಿ ಹೊಳಪು ನೋಡಿ ಮರುಳಾಗಬೇಡಿ, ಮೊದಲು ಕೆಳಗೆ ಮಲಗಿ. ಚಾಸಿಗೆ ಪೌಡರ್ ಕೋಟಿಂಗ್ ಮಾಡಿರುತ್ತಾರೆ, ಅದು ಹೊರಗೆ ಚೆನ್ನಾಗಿ ಕಂಡರೂ ಒಂದು ಕಡೆ ಬಿರುಕು ಬಿಟ್ಟರೆ ಒಳಗೊಳಗೇ ತುಕ್ಕು ಹರಡುತ್ತಾ ಹೋಗುತ್ತೆ. ಎಲ್ಲಿ ಉಬ್ಬಿದೆಯೋ ಅಲ್ಲಿ ಸ್ಕ್ರೂಡ್ರೈವರ್‌ನಿಂದ ಕೆರೆಯಿರಿ, ಮಾರುವವನನ್ನು ಕೇಳಿಯೇ ಕೆರೆಯಿರಿ. ಟೇಪಿನಿಂದ ಚಾಸಿಯನ್ನು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡೂ ಅಳತೆ ಒಂದೇ ಬರಬೇಕು. ಯಾರಾದರೂ ಆಮೇಲೆ ವೆಲ್ಡಿಂಗ್ ಮಾಡಿದ ಗುರುತು ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ. ಫೈಬರ್ ಬಾಡಿಯಲ್ಲಿ ನಕ್ಷತ್ರದ ಥರ ಸಣ್ಣ ಬಿರುಕು ಇದ್ದರೆ ಭಯ ಬೇಡ, ಅದು ಜೆಲ್‌ಕೋಟ್ ಅನ್ನೋ ಮೇಲಿನ ತೆಳು ಪದರದ್ದು, ರಿಪೇರಿ ಆಗುತ್ತೆ. ಬಾಗಿಲಿನ ಸಂದು ಮೇಲೆ ಕೆಳಗೆ ಬೇರೆಬೇರೆ ಇದ್ದರೆ ಅದು ತಿಂಗಳುಗಟ್ಟಲೆ ತಲೆನೋವು.

ಆ ರೋವರ್ ಎಂಜಿನ್ ಒಳ್ಳೇದು. ಮೂಲದಲ್ಲಿ ಅಮೆರಿಕದ ಬ್ಯೂಕ್‌ನ ಎಂಜಿನ್, ರೋವರ್‌ನವರು ಹಕ್ಕು ಕೊಂಡು 1967ರಿಂದ ತಮ್ಮ ಗಾಡಿಗಳಿಗೆ ಹಾಕಿದರು. ಬ್ಲಾಕ್, ಹೆಡ್ ಎರಡೂ ಅಲ್ಯುಮಿನಿಯಂ, ಅದಕ್ಕೇ ವಿ8 ಆದರೂ ಹಗುರ. ಆದರೆ ಆಯಿಲ್ ಸರಿಯಾಗಿ ಬದಲಿಸದೇ ಇದ್ದರೆ ಕ್ಯಾಮ್‌ಶಾಫ್ಟ್ ಸವೆಯುತ್ತೆ, ಕೂಲೆಂಟ್ ಇಲ್ಲದೆ ಬರೀ ನೀರು ಹಾಕಿದ್ದರೆ ಅಲ್ಯುಮಿನಿಯಂ ತಿಂದುಹೋಗಿರುತ್ತೆ. ವರ್ಷಗಟ್ಟಲೆ ನಿಂತಿದ್ದರೆ ಸ್ಟಾರ್ಟರ್‌ಗೆ ಕೈ ಹಾಕುವ ಮುಂಚೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಳಗೆ ಸ್ವಲ್ಪ ಆಯಿಲ್ ಬಿಟ್ಟು, ಕ್ರ್ಯಾಂಕ್‌ಗೆ ಪಾನಾ ಹಾಕಿ ಕೈಯಿಂದ ತಿರುಗಿಸಿ ನೋಡಿ.

ಈಗ ಮುಖ್ಯವಾದ ಮಾತು. ನಾನೂ ಇನ್ನೊಬ್ಬರು ಅರ್ಧ ಕಟ್ಟಿದ್ದನ್ನೇ ಕೊಂಡೆ. ಜೋಡಿಸಿದ ಕಡೆ ಎಲ್ಲ ನೋಡೋಕೆ ಚಂದ ಇತ್ತು. ಒಂದು ದಿನ ಕೈ ಜಾರಿ ಪಾನಾ ಸ್ಟೀರಿಂಗ್ ಜಾಯಿಂಟ್ ಮೇಲೆ ಬಿತ್ತು, ಬೋಲ್ಟು ಅಲುಗಾಡಿತು. ಬರೀ ಬೆರಳಿನಿಂದ ತಿರುಗಿಸಿ ಬಿಟ್ಟಿದ್ದರು, ನಾಳೆ ಟೈಟ್ ಮಾಡೋಣ ಅಂತ ಇಟ್ಟಿದ್ದರೋ ಏನೋ. ಆ ಬೋಲ್ಟು ರಸ್ತೆಯಲ್ಲಿ ಬಿಚ್ಚಿಕೊಂಡಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಬಾಡಿ ಇಳಿಸಿದೆ, ಪ್ರತಿಯೊಂದು ನಟ್ಟೂ ಬಿಚ್ಚಿ, ಟಾರ್ಕ್ ರೆಂಚ್‌ನಿಂದ ಬಿಗಿ ಮಾಡಿ, ಹಳದಿ ಬಣ್ಣದ ಗೆರೆ ಎಳೆದೆ. ಎಂಟು ತಿಂಗಳು ಹಿಡಿಯಿತು. ಅದಕ್ಕೇ ಹೇಳೋದು, "ಮುಕ್ಕಾಲು ಮುಗಿದಿದೆ" ಅಂತ ಯಾರಾದರೂ ಹೇಳಿದರೆ ನೀವು ಶುರುವಿನಿಂದ ಲೆಕ್ಕ ಹಾಕಿ, ದರವನ್ನೂ ಹಾಗೇ ಮಾತಾಡಿ.

ಜಯನಗರ_4ನೇ_ಬ್ಲಾಕ್

ಮಧ್ಯೆ ಬಂದೆ, ಕ್ಷಮಿಸಿ. ಇಲ್ಲಿ ಬೆಂಗಳೂರಿನಲ್ಲಿ ಹಳೇ ಸೆಡಾನ್ ಮೇಲೆ ಸ್ಪೋರ್ಟ್ಸ್ ಕಾರಿನ ಬಾಡಿ ಕೂರಿಸಿದ ಗಾಡಿಯೊಂದು ಮಾರಾಟಕ್ಕಿದೆ. ಆರ್‌ಸಿ ಕ್ಲೀನ್ ಇದೆ ಅಂತಾರೆ. ನಾನು ತಗೋಬಹುದಾ? ಇಲ್ಲಾಂದ್ರೆ ಇಂಗ್ಲೆಂಡಿನಿಂದಲೇ ಒಂದು ತರಿಸಬಹುದಾ?

ಕಾವೆಂಟ್ರಿ_ಕನ್ನಡಿಗ

ಎರಡೂ ಬೇಡ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿ ಆದಮೇಲೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಆರ್‌ಸಿ ಕ್ಲೀನ್ ಇರೋದು ಆ ಸೆಡಾನ್‌ಗೆ, ನೀವು ಓಡಿಸುವ ಗಾಡಿಗೆ ಅಲ್ಲ. ಆಮದಿಗೆ ಬಂದರೆ, ಸಾಮಾನ್ಯವಾಗಿ ಮೂರು ವರ್ಷಕ್ಕಿಂತ ಹಳೆಯ ಸೆಕೆಂಡ್ ಹ್ಯಾಂಡ್ ಕಾರನ್ನು ಭಾರತಕ್ಕೆ ತರಲು ಬಿಡುವುದಿಲ್ಲ. ನಿಮ್ಮ ಆಸೆ ಅರ್ಥ ಆಗುತ್ತೆ. ಕೈ ಆಡಿಸಬೇಕು ಅಂದರೆ ಒಂದು ಹಳೇ ಪದ್ಮಿನಿ ಅಥವಾ ಜೀಪು ತಗೊಂಡು ಇದ್ದ ಹಾಗೇ ಮೊದಲಿನಂತೆ ಮಾಡಿ, ಅದರಲ್ಲೂ ಅಷ್ಟೇ ಸುಖ ಇದೆ.

ಬೆಣ್ಣೆದೋಸೆ_ಎಂಕೆ

ಹೋಗಿ ಬಂದೆ. ಇಬ್ಬರಿಗೂ ಋಣಿ.

ಮೊದಲು ಕೆಳಗೆ ಮಲಗಿದೆ. ಎರಡೂ ಮೂಲೆ ಅಳತೆ ಸರಿ ಇದೆ. ಎಡಗಡೆ ಹಿಂದಿನ ಚಕ್ರದ ಹತ್ತಿರ ಒಂದು ಅಂಗೈ ಅಗಲ ಕೋಟಿಂಗ್ ಎದ್ದಿತ್ತು. ಕೆರೆದು ನೋಡಿದೆ, ತುಕ್ಕು ಮೇಲೆಮೇಲೆ ಮಾತ್ರ. ಬ್ರೇಕ್ ಪೈಪ್ ಎಲ್ಲ ಬದಲಿಸಬೇಕು. ಎಂಜಿನ್ ಕೈಯಲ್ಲಿ ತಿರುಗಿತು, ಆದರೆ ಕ್ಯಾಮ್ ನೋಡಿಲ್ಲ, ಅದು ಹೋಗಿದೆ ಅಂತಲೇ ದುಡ್ಡು ತೆಗೆದಿಟ್ಟಿದ್ದೇನೆ.

ಪೇಪರ್ ಕೇಳಿದಾಗ ಮಗನಿಗೆ ಏನೂ ಗೊತ್ತಿರಲಿಲ್ಲ. ಅವರಮ್ಮ ಒಳಗೆ ಹೋಗಿ ಬಿಸ್ಕತ್ತಿನ ಟಿನ್ ಡಬ್ಬಿ ತಂದರು. ಅದರಲ್ಲಿ ಕಿಟ್‌ನ ಬಿಲ್ಲು ಇತ್ತು, ಚಾಸಿ ನಂಬರ್ ತಾಳೆ ಆಯಿತು. ಜೊತೆಗೆ ಒಂದು ನೋಟ್‌ಬುಕ್. ಆ ಹಿರಿಯರು ಯಾವ ದಿನ ಯಾವ ಬೋಲ್ಟು ಹಾಕಿದೆ, ಎಷ್ಟು ಬಿಗಿ ಮಾಡಿದೆ ಅಂತ ಪೆನ್ಸಿಲ್‌ನಲ್ಲಿ ಬರೆದಿದ್ದಾರೆ, ಬಾಕಿ ಇರುವುದರ ಪಕ್ಕ ಸೊನ್ನೆ ಸುತ್ತಿದ್ದಾರೆ. ನಮ್ಮಪ್ಪನೂ ಲಾರಿ ಕೆಲಸಕ್ಕೆ ಇಂಥದ್ದೇ ಪುಸ್ತಕ ಇಟ್ಟಿದ್ದರು. ನಾನು ಅದನ್ನು ನೋಡ್ತಾ ತುಂಬಾ ಹೊತ್ತು ನಿಂತುಬಿಟ್ಟೆ.

ಸಿಯೆರಾ ಪೇಪರ್ ಯಾಕೆ ನಡೆಯುವುದಿಲ್ಲ ಅಂತ ಮಗನಿಗೆ ನಿಧಾನವಾಗಿ ಬಿಡಿಸಿ ಹೇಳಿದೆ, ಅವನು ಮೋಸಕ್ಕೆ ಹೇಳಿದ್ದಲ್ಲ, ನಿಜಕ್ಕೂ ಗೊತ್ತಿರಲಿಲ್ಲ. 4,500ಕ್ಕೆ ಮಾತು ಮುಗಿಯಿತು. ನೋಟ್‌ಬುಕ್ ಇದ್ದರೂ ಪ್ರತಿ ನಟ್ಟು ಮತ್ತೆ ನೋಡ್ತೀನಿ, ಮಂಡ್ಯದವರೇ.

ಮುಂದಿನ ಶನಿವಾರ ಟ್ರೈಲರ್ ತಗೊಂಡು ಹೋಗಬೇಕು. ನನ್ನ ಗ್ಯಾರೇಜಿನ ಬಾಗಿಲು ಏಳು ಅಡಿ ಅಗಲ, ಗಾಡಿ ಹಿಡಿಸುತ್ತೆ, ಆದರೆ ಬಾಡಿ ಎತ್ತಿ ಇಳಿಸೋಕೆ ನಾಲ್ಕು ಜನ ಬೇಕು. ನಾವು ಇಬ್ಬರಿದ್ದೇವೆ. ಹತ್ತಿರದಲ್ಲಿ ಯಾರಾದರೂ ಇದ್ದರೆ ಬೆಳಿಗ್ಗೆ ಹತ್ತಕ್ಕೆ ಬನ್ನಿ, ಊಟ ನಮ್ಮ ಮನೆಯಲ್ಲೇ.

ಮಂಡ್ಯ_ಟು_ಡರ್ಬಿ

ನಾನು ಬರ್ತೀನಿ, ಟಾರ್ಕ್ ರೆಂಚ್ ನನ್ನದೇ ತರ್ತೀನಿ. ಬಾಡಿ ಇಡೋಕೆ ಹಳೇ ಟೈರ್ ನಾಲ್ಕು ಹೊಂದಿಸಿಡಿ.