ಮದ್ಯ ಖರೀದಿಗೆ 21 ವರ್ಷದ ಮಿತಿ: ಅದನ್ನು 18ಕ್ಕೆ ಇಳಿಸಬೇಕೆಂಬ ವಾದದಲ್ಲಿ ಹುರುಳಿದೆಯೇ?

ಪ್ರಶ್ನೆ ಕೇಳಿದವರು: ಕೋಲಾರದ ಉಪನ್ಯಾಸಕ

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಬೋಧಿಸುತ್ತೇನೆ. ಮುಂದಿನ ತಿಂಗಳ ಚರ್ಚಾ ಸ್ಪರ್ಧೆಗೆ ನಮ್ಮ ವಿದ್ಯಾರ್ಥಿಗಳು ಆರಿಸಿಕೊಂಡಿರುವ ವಿಷಯ, ಮದ್ಯ ಖರೀದಿಯ ಕನಿಷ್ಠ ವಯಸ್ಸನ್ನು 18ಕ್ಕೆ ಇಳಿಸಬೇಕೇ ಎಂಬುದು. ಪರವಾಗಿ ಮಾತನಾಡುವವರ ವಾದ ನೇರವಾಗಿದೆ. ಸಂವಿಧಾನದ 61ನೇ ತಿದ್ದುಪಡಿ 1989ರಲ್ಲಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಶಾಸಕರನ್ನು ಆರಿಸಲು ಯೋಗ್ಯನಾದವನು ತನ್ನ ಲೋಟದಲ್ಲಿ ಏನಿರಬೇಕೆಂಬುದನ್ನು ಆರಿಸಲು ಮಾತ್ರ ಅಯೋಗ್ಯನೇ ಎಂದು ಅವರು ಕೇಳುತ್ತಾರೆ. ನಾನು ಕೊಟ್ಟ ಉತ್ತರ ಅವರಿಗೆ ಒಪ್ಪಿಗೆಯಾಗಲಿಲ್ಲ; ನಿಜ ಹೇಳಬೇಕೆಂದರೆ ನನಗೂ ಅದು ಸಪ್ಪೆಯೆನಿಸಿತು.

ನನಗೆ ಎರಡು ವಿಷಯ ಸ್ಪಷ್ಟವಾಗಬೇಕಿದೆ. ನಮ್ಮ ರಾಜ್ಯದಲ್ಲಿ ಈಗ ಕಾನೂನು ಹೇಳುವ ವಯಸ್ಸು 18 ಎಂದು ಕೆಲವರೂ 21 ಎಂದು ಕೆಲವರೂ ಹೇಳುತ್ತಾರೆ, ಇದರಲ್ಲಿ ಯಾವುದು ಸರಿ? ಎರಡನೆಯದಾಗಿ, ವಯಸ್ಕನೆಂದು ಕಾನೂನೇ ಒಪ್ಪಿಕೊಂಡ ವ್ಯಕ್ತಿಗೆ ಮೂರು ವರ್ಷ ಕಾಯಿರಿ ಎನ್ನಲು ನೈತಿಕ ಬೋಧನೆಯ ಹೊರತಾಗಿ ಬೇರೆ ಆಧಾರವಿದೆಯೇ? ಕುಡಿತ ಕೆಟ್ಟದ್ದು ಎಂಬ ಒಂದೇ ಮಾತಿನ ಉತ್ತರ ದಯವಿಟ್ಟು ಬೇಡ. ಅದು ವಿದ್ಯಾರ್ಥಿಗಳಿಗೆ ಗೊತ್ತಿರುವ ಸಂಗತಿಯೇ.

ಉತ್ತರ: ಕೆಜಿಎಫ್‌ನ ವಕೀಲ

ಮೇಷ್ಟ್ರೇ, ನಿಮ್ಮ ಮೊದಲ ಪ್ರಶ್ನೆಯಲ್ಲಿ ಎರಡೂ ಕಡೆಯವರು ಹೇಳುವುದು ಅವರವರ ಮಟ್ಟಿಗೆ ಸರಿ. ಕರ್ನಾಟಕ ಅಬಕಾರಿ ಅಧಿನಿಯಮ 1965ರ 36ನೇ ಪ್ರಕರಣವು 18 ವರ್ಷದೊಳಗಿನವರಿಗೆ ಮಾರುವ ಸನ್ನದುದಾರರನ್ನು ದಂಡನೆಗೆ ಗುರಿಪಡಿಸುತ್ತದೆ. ಆದರೆ ಅದೇ ಅಧಿನಿಯಮದ ಅಡಿಯಲ್ಲಿ 1967ರಲ್ಲಿ ರಚಿಸಿದ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮಗಳಲ್ಲಿ, 10ನೇ ನಿಯಮವು 21 ವರ್ಷದೊಳಗಿನವರಿಗೆ ಮಾರುವುದನ್ನು ನಿಷೇಧಿಸಿದೆ. ಆಚರಣೆಯಲ್ಲಿ ಅನ್ವಯಿಸುವುದು 21. ಈ ಗೊಂದಲವನ್ನು ನಿವಾರಿಸುವ ಕಾರಣ ನೀಡಿ 2023ರ ಜನವರಿಯಲ್ಲಿ ಸರ್ಕಾರವು ನಿಯಮದಲ್ಲಿರುವ 21ನ್ನು 18ಕ್ಕೆ ಇಳಿಸುವ ಕರಡನ್ನು ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಿತು. ವಿರೋಧ ಜೋರಾಗಿ ಬಂದಿದ್ದರಿಂದ ಅದೇ ತಿಂಗಳೊಳಗೆ ಹಿಂದಕ್ಕೆ ಪಡೆಯಿತು. ಗೊಂದಲ ನಿವಾರಣೆಯೇ ಉದ್ದೇಶವಾಗಿದ್ದರೆ ಅಧಿನಿಯಮದಲ್ಲಿರುವ 18ನ್ನು 21ಕ್ಕೆ ಏರಿಸಿಯೂ ಅದನ್ನು ಸಾಧಿಸಬಹುದಿತ್ತು ಎಂಬುದನ್ನು ನಿಮ್ಮ ವಿದ್ಯಾರ್ಥಿಗಳು ಗಮನಿಸಲಿ. ಅಬಕಾರಿಯು ರಾಜ್ಯದ ಸ್ವಂತ ತೆರಿಗೆ ಆದಾಯದ ದೊಡ್ಡ ಮೂಲಗಳಲ್ಲಿ ಒಂದಾಗಿರುವಾಗ, ಇಳಿಕೆಯ ದಾರಿಯೇ ಮೊದಲು ಹೊಳೆದದ್ದು ಆಶ್ಚರ್ಯವೇನಲ್ಲ.

ಈಗ ಮತದಾನದ ವಾದಕ್ಕೆ ಬರೋಣ. ಇದು ಕೇಳಲು ಚೆನ್ನಾಗಿದೆ, ಆದರೆ 18 ತುಂಬಿದ ದಿನ ಎಲ್ಲ ಹಕ್ಕುಗಳೂ ಒಟ್ಟಿಗೆ ಕೈಸೇರುತ್ತವೆ ಎಂಬ ಊಹೆಯ ಮೇಲೆ ನಿಂತಿದೆ. ನಮ್ಮ ಕಾನೂನು ಹಾಗಿಲ್ಲ. ಹತ್ತೊಂಬತ್ತರ ಯುವಕ ಕರಾರಿಗೆ ಸಹಿ ಹಾಕಬಹುದು, ಆದರೆ 21 ತುಂಬುವವರೆಗೆ ಮದುವೆಯಾಗುವಂತಿಲ್ಲ. ಬೈಕು, ಕಾರು ಓಡಿಸಲು 18 ಸಾಕು. ಲಾರಿ, ಬಸ್ಸಿನಂತಹ ಸಾರಿಗೆ ವಾಹನಕ್ಕೆ 20 ಆಗಬೇಕು. ಮತ ಹಾಕಲು 18, ಗ್ರಾಮ ಪಂಚಾಯಿತಿಗೆ ಸ್ಪರ್ಧಿಸಲು 21, ವಿಧಾನಸಭೆಗೆ 25, ವಿಧಾನ ಪರಿಷತ್ತಿಗೆ 30. ತಂಬಾಕು ಉತ್ಪನ್ನಗಳ ಮಾರಾಟಕ್ಕಿದ್ದ 18ರ ಮಿತಿಯನ್ನೂ ನಮ್ಮ ರಾಜ್ಯ ತನ್ನದೇ ತಿದ್ದುಪಡಿಯ ಮೂಲಕ 21ಕ್ಕೆ ಏರಿಸಿದೆ. ಒಂದೊಂದು ಕೆಲಸದ ಅಪಾಯ ಮತ್ತು ಹೊಣೆಯನ್ನು ಬೇರೆಬೇರೆಯಾಗಿ ಅಳೆದು ವಯಸ್ಸು ನಿಗದಿ ಮಾಡುವುದೇ ರೂಢಿ. ಜಪಾನಿನ ಉದಾಹರಣೆ ಇಲ್ಲಿ ಉಪಯುಕ್ತ: 2022ರ ಏಪ್ರಿಲ್‌ನಲ್ಲಿ ಅಲ್ಲಿ ವಯಸ್ಕತೆಯನ್ನು 20ರಿಂದ 18ಕ್ಕೆ ಇಳಿಸಿದರು, ಆದರೆ ಮದ್ಯ ಮತ್ತು ಸಿಗರೇಟಿನ ಮಿತಿಯನ್ನು 20ರಲ್ಲಿಯೇ ಉಳಿಸಿಕೊಂಡರು.

ಮದ್ಯವು ರಾಜ್ಯಪಟ್ಟಿಯ ವಿಷಯವಾದ್ದರಿಂದ ದೇಶಾದ್ಯಂತ ಒಂದೇ ವಯಸ್ಸಿಲ್ಲ. ಗೋವಾದಲ್ಲಿ 18, ಕೇರಳದಲ್ಲಿ 23. ಬಿಹಾರ ಮತ್ತು ಗುಜರಾತಿನಲ್ಲಿ ಪಾನನಿಷೇಧವೇ ಇದೆ. ನಮ್ಮ ಜಿಲ್ಲೆಗೆ ಹೊಂದಿಕೊಂಡ ಆಂಧ್ರ ಮತ್ತು ತಮಿಳುನಾಡುಗಳಲ್ಲಿ 21 ಇದೆ. ನಾವೊಬ್ಬರೇ 18ಕ್ಕೆ ಇಳಿಸಿದರೆ ಗಡಿಯಾಚೆಯ ಹುಡುಗರು ಎಲ್ಲಿಗೆ ಬರುತ್ತಾರೆಂಬುದನ್ನು ಮುಳಬಾಗಿಲಿನವರು ನನಗಿಂತ ಚೆನ್ನಾಗಿ ಹೇಳಬಲ್ಲರು.

ಉತ್ತರ: ನರಸಾಪುರದ ಪಾಳಿ ಕೆಲಸಗಾರ

ವಕೀಲರ ಪಟ್ಟಿಯನ್ನು ಓದಿದೆ. ನನಗೆ 20 ವರ್ಷ. ಐಟಿಐ ಮುಗಿಸಿ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ದುಡಿಯುತ್ತಿದ್ದೇನೆ. ಪಟ್ಟಿಯಲ್ಲಿ ಅವರು ಸೇರಿಸದ ಒಂದು ಸಾಲು ಇದೆ: ಕಾರ್ಖಾನೆಗಳಿಗೆ ಅನ್ವಯಿಸುವ ಕಾನೂನಿನ ಪ್ರಕಾರ 18 ತುಂಬಿದವನು ವಯಸ್ಕ, ಅವನನ್ನು ರಾತ್ರಿ ಪಾಳಿಗೆ ಹಾಕಬಹುದು. ನಿದ್ದೆಗೆಟ್ಟು ಯಂತ್ರದ ಮುಂದೆ ನಿಲ್ಲುವ ಅಪಾಯಕ್ಕೆ ನಾನು ಸಿದ್ಧನಾದವನು, ಪಾಳಿ ಮುಗಿದ ಮೇಲೆ ಒಂದು ಬಿಯರ್ ಕುಡಿಯುವ ಅಪಾಯಕ್ಕೆ ಮಾತ್ರ ಎಳಸು! ಅಪಾಯವನ್ನು ಅಳೆದು ವಯಸ್ಸು ನಿಗದಿ ಮಾಡುತ್ತಾರೆಂದರೆ, ಅಳತೆಗೋಲು ಹಿಡಿದವರು ದುಡಿಮೆಯ ಕಡೆಗೊಂದು, ಬಿಡುವಿನ ಕಡೆಗೊಂದು ಗೋಲು ಇಟ್ಟುಕೊಂಡಿದ್ದಾರೆ ಎಂದೇ ನನಗೆ ಕಾಣುತ್ತದೆ.

ಇನ್ನೊಂದು ಮಾತು. ಈ ನಿಯಮದಿಂದ ನನ್ನ ವಯಸ್ಸಿನವರು ಕುಡಿಯುವುದನ್ನು ಬಿಟ್ಟಿಲ್ಲ, ಕುಳಿತು ಕುಡಿಯುವುದನ್ನು ಬಿಟ್ಟಿದ್ದಾರೆ. ರೂಮಿನಲ್ಲಿರುವ ಹಿರಿಯನೊಬ್ಬ ತಂದುಕೊಡುತ್ತಾನೆ, ಕೆರೆ ಕಟ್ಟೆಯ ಮೇಲೋ ಖಾಲಿ ಲೇಔಟಿನಲ್ಲೋ ಯಾರಾದರೂ ಬಂದುಬಿಡುತ್ತಾರೆಂಬ ಭಯದಲ್ಲಿ ಅವಸರವಾಗಿ ಮುಗಿಸುತ್ತಾರೆ, ಅದೇ ಅಮಲಿನಲ್ಲಿ ಬೈಕು ಹತ್ತುತ್ತಾರೆ. ಊಟದ ಜೊತೆ ಮೇಜಿನ ಮುಂದೆ ಕುಡಿದಿದ್ದರೆ ಇಷ್ಟು ಅನಾಹುತ ಆಗುತ್ತಿರಲಿಲ್ಲ.

ಉತ್ತರ: ಟಮಕದ ಆಪ್ತ ಸಮಾಲೋಚಕಿ

ತಮ್ಮಾ, ರಾತ್ರಿ ಪಾಳಿಯ ಬಗೆಗಿನ ನಿನ್ನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದು ರಾತ್ರಿ ಪಾಳಿಯ ವಯಸ್ಸನ್ನು ಏರಿಸಬೇಕೆನ್ನಲು ಒಳ್ಳೆಯ ಕಾರಣವಾಗುತ್ತದೆಯೇ ಹೊರತು ಮದ್ಯದ ವಯಸ್ಸನ್ನು ಇಳಿಸಲು ಅಲ್ಲ.

ಮೇಷ್ಟ್ರು ಕೇಳಿದ ಎರಡನೆಯ ಪ್ರಶ್ನೆಗೆ ಆಧಾರ ಇರುವುದು ದೇಹದಲ್ಲಿ. ಮುಂದಾಲೋಚನೆ ಮಾಡುವ, ಆವೇಗವನ್ನು ತಡೆದುಕೊಳ್ಳುವ ಮಿದುಳಿನ ಮುಂಭಾಗವು ಇಪ್ಪತ್ತರ ನಡುವಿನವರೆಗೂ ಬೆಳೆಯುತ್ತಲೇ ಇರುತ್ತದೆ. ಎಳೆಯ ವಯಸ್ಸಿನಲ್ಲಿ ಕುಡಿತಕ್ಕೆ ತೊಡಗಿದವರಲ್ಲಿ ಮುಂದೆ ವ್ಯಸನ ಅಂಟುವ ಸಾಧ್ಯತೆ ಹೆಚ್ಚು ಎಂಬುದನ್ನು ಬೇರೆಬೇರೆ ದೇಶಗಳ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಅಮೆರಿಕದಲ್ಲಿ 1971ರಲ್ಲಿ ಮತದಾನದ ವಯಸ್ಸು 18 ಆದಾಗ, ನಿಮ್ಮ ವಿದ್ಯಾರ್ಥಿಗಳ ವಾದವನ್ನೇ ಮುಂದಿಟ್ಟು ಅನೇಕ ರಾಜ್ಯಗಳು ಮದ್ಯದ ವಯಸ್ಸನ್ನೂ ಇಳಿಸಿದವು. ಯುವಕರ ರಸ್ತೆ ಅಪಘಾತಗಳು ಹೆಚ್ಚಿದವು. ಕೊನೆಗೆ 1984ರಲ್ಲಿ, 21ಕ್ಕೆ ಏರಿಸದ ರಾಜ್ಯಗಳಿಗೆ ಹೆದ್ದಾರಿ ಅನುದಾನ ಕಡಿತ ಮಾಡುವ ಕಾನೂನನ್ನು ಅಲ್ಲಿನ ಕೇಂದ್ರ ಸರ್ಕಾರ ತರಬೇಕಾಯಿತು. 1988ರ ಹೊತ್ತಿಗೆ ಎಲ್ಲ ರಾಜ್ಯಗಳೂ 21ಕ್ಕೆ ಬಂದವು. ಲಿಥುವೇನಿಯಾ ಕೂಡ 2018ರಲ್ಲಿ 18ರಿಂದ 20ಕ್ಕೆ ಏರಿಸಿತು. ನ್ಯೂಜಿಲೆಂಡ್ ಮಾತ್ರ 1999ರಲ್ಲಿ 20ರಿಂದ 18ಕ್ಕೆ ಇಳಿಸಿ ಹಾಗೆಯೇ ಉಳಿಸಿಕೊಂಡಿದೆ, ಅಲ್ಲಿ ಈ ಚರ್ಚೆ ಇನ್ನೂ ತಣ್ಣಗಾಗಿಲ್ಲ.

ಬಿಯರ್ ಬಗ್ಗೆ ಒಂದು ಲೆಕ್ಕ ಹೇಳಲೇಬೇಕು, ಏಕೆಂದರೆ ನನ್ನ ಮುಂದೆ ಕೂರುವ ಹುಡುಗರೆಲ್ಲ ‘ಬರೀ ಬಿಯರ್ ಮೇಡಂ’ ಎಂದೇ ಮಾತು ಆರಂಭಿಸುತ್ತಾರೆ. ನಮ್ಮಲ್ಲಿ ಹೆಚ್ಚು ಮಾರಾಟವಾಗುವುದು ಸ್ಟ್ರಾಂಗ್ ಬಿಯರ್. ಶೇಕಡಾ 8ರ ಪ್ರಮಾಣದ 650 ಮಿಲಿ ಲೀಟರ್ ಬಾಟಲಿಯಲ್ಲಿ ಸುಮಾರು 41 ಗ್ರಾಂ ಆಲ್ಕೋಹಾಲ್ ಇರುತ್ತದೆ. ಶೇಕಡಾ 42.8ರ ವಿಸ್ಕಿಯ 30 ಮಿಲಿ ಲೀಟರ್ ಪೆಗ್ಗಿನಲ್ಲಿ ಇರುವುದು ಸುಮಾರು 10 ಗ್ರಾಂ. ಅಂದರೆ ಒಂದು ಬಾಟಲಿ ನಾಲ್ಕು ಪೆಗ್ಗಿಗೆ ಸಮ. ಜರ್ಮನಿಯಲ್ಲಿ ಬಿಯರ್‌ಗೆ 16, ಸ್ಪಿರಿಟ್‌ಗೆ 18 ಎಂದಿರುವಂತೆ, ಮಹಾರಾಷ್ಟ್ರದಲ್ಲಿ ಬಿಯರ್‌ಗೆ 21, ವಿಸ್ಕಿಗೆ 25 ಎಂದಿರುವಂತೆ ಇಲ್ಲಿಯೂ ಎರಡು ಮೆಟ್ಟಿಲು ಮಾಡೋಣ ಎನ್ನುವವರು ಈ ಲೆಕ್ಕವನ್ನು ಮೊದಲು ನೋಡಬೇಕು.

ಮೇಜಿನ ಮುಂದೆ ಕುಳಿತರೆ ಹಿತಮಿತವಾಗಿ ಕುಡಿಯುತ್ತಾರೆಂಬ ಮಾತು ನಿಜವಾಗಿದ್ದರೆ, 21 ದಾಟಿದವರು ಬೈಕಿನಿಂದ ಬಿದ್ದು ಆಸ್ಪತ್ರೆಗೆ ಬರಬಾರದಿತ್ತು. ವಾಹನ ಚಾಲಕನ ರಕ್ತದಲ್ಲಿ 100 ಮಿಲಿ ಲೀಟರಿಗೆ 30 ಮಿಲಿಗ್ರಾಂ ಮೀರಿದರೆ ಅಪರಾಧ. ಮೊದಲ ಬಾರಿಗೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಒಂದು ಸ್ಟ್ರಾಂಗ್ ಬಿಯರ್ ಕುಡಿದೊಡನೆ ಬೈಕು ಹತ್ತಿದವನು ಆ ಮಿತಿಯನ್ನು ಬಹುಮಟ್ಟಿಗೆ ದಾಟಿರುತ್ತಾನೆ.

ಉತ್ತರ: ಮುಳಬಾಗಿಲಿನ ಸನ್ನದುದಾರ

ನಾನು ಸಿಎಲ್-9 ಸನ್ನದು ಹೊಂದಿರುವ ಬಾರ್ ಅಂಡ್ ರೆಸ್ಟೋರೆಂಟ್ ನಡೆಸುತ್ತೇನೆ, ಆದ್ದರಿಂದ ನನ್ನ ಮಾತನ್ನು ವ್ಯಾಪಾರಿಯ ಮಾತೆಂದೇ ತೂಗಿ ನೋಡಿ. ಆದರೂ ನನಗೆ 21 ಇರುವುದೇ ಅನುಕೂಲ. 18 ಎಂದಾದರೆ ಸೆಕೆಂಡ್ ಪಿಯುಸಿ ಹುಡುಗರು ಬಾಗಿಲಲ್ಲಿ ನಿಲ್ಲುತ್ತಾರೆ. ಹದಿನೇಳರವನನ್ನು ಹದಿನೆಂಟರವನಿಂದ ಬೇರ್ಪಡಿಸುವುದು ಯಾವ ಕ್ಯಾಷಿಯರ್‌ನಿಂದಲೂ ಆಗದ ಕೆಲಸ. ಮಗುವಿಗೆ ಮದ್ಯ ಕೊಟ್ಟರೆ ಬಾಲನ್ಯಾಯ ಅಧಿನಿಯಮ 2015ರ 77ನೇ ಪ್ರಕರಣದಡಿ ಏಳು ವರ್ಷದವರೆಗೆ ಕಠಿಣ ಸೆರೆ ಮತ್ತು ಒಂದು ಲಕ್ಷದವರೆಗೆ ದಂಡ ಇದೆ. ಈಗಿನ ಮೂರು ವರ್ಷದ ಅಂತರ ನಮಗೂ ಒಂದು ರಕ್ಷಣೆ.

ಆದರೆ ತಪಾಸಣೆ ಹೇಗಿದೆಯೆಂದು ಕೇಳಿದರೆ, ನಮ್ಮ ಕಡೆಯ ಬಹಳಷ್ಟು ಅಂಗಡಿಗಳಲ್ಲಿ ಗಲ್ಲಾದ ಮುಂದೆ ಮೀಸೆಯೇ ಜನ್ಮ ದಾಖಲೆ. ಆಧಾರ್ ಕೇಳಿದರೆ ಗಿರಾಕಿ ಪಕ್ಕದ ಬಾರಿಗೆ ಹೋಗುತ್ತಾನೆ. ಎಲ್ಲರೂ ಕೇಳುವಂತಾದರೆ ಮಾತ್ರ ಒಬ್ಬನಿಗೆ ಕೇಳಲು ಧೈರ್ಯ ಬರುತ್ತದೆ. ಹೊರಗಿನ ಕೈಯಿಂದ ತರಿಸಿಕೊಳ್ಳುವುದನ್ನು ತಡೆಯಲು ನನ್ನಿಂದಂತೂ ಆಗದು. ಗಡಿಯ ಬಗ್ಗೆ ವಕೀಲರು ಹೇಳಿದ್ದು ನಿಜ. ಆಂಧ್ರದಲ್ಲಿ 2019ರ ಬಳಿಕ ಸರ್ಕಾರವೇ ಅಂಗಡಿಗಳನ್ನು ನಡೆಸಿ ದರ ಏರಿಸಿದ್ದಾಗ ಗಡಿಯಾಚೆಯ ಗಿರಾಕಿಗಳು ನಂಗಲಿ ದಾಟಿ ಬರುತ್ತಿದ್ದರು. ದರದ ವ್ಯತ್ಯಾಸಕ್ಕೆ ಬಂದವರು ವಯಸ್ಸಿನ ವ್ಯತ್ಯಾಸಕ್ಕೂ ಬರುತ್ತಾರೆ.

ಇಷ್ಟೆಲ್ಲ ಚರ್ಚೆಯಲ್ಲಿ ಹಳ್ಳಿಯ ಗೂಡಂಗಡಿಯನ್ನು ಯಾರೂ ಎತ್ತಲಿಲ್ಲ. ಸಿಎಲ್-2 (ಚಿಲ್ಲರೆ ಮದ್ಯ ಮಾರಾಟದ ಸನ್ನದು) ಅಂಗಡಿಯಿಂದ 90 ಮಿಲಿ ಲೀಟರ್ ಪ್ಯಾಕೆಟ್‌ಗಳನ್ನು ಕೊಂಡೊಯ್ದು, ಬಿಸ್ಕತ್ತು, ಶಾಂಪೂ ಪಕ್ಕದಲ್ಲಿಟ್ಟು ಹತ್ತಿಪ್ಪತ್ತು ರೂಪಾಯಿ ಹೆಚ್ಚಿಗೆ ಮಾರುವವನಿಗೆ ಸನ್ನದೂ ಇಲ್ಲ, ಷರತ್ತೂ ಇಲ್ಲ. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾದ ಮೇಲೆ ಆ ಜಾಗವನ್ನು ತುಂಬಿದ್ದು ಇದೇ ಅಗ್ಗದ ಪ್ಯಾಕೆಟ್. ಅಲ್ಲಿ 18 ಎಂದರೂ ಒಂದೇ, 21 ಎಂದರೂ ಒಂದೇ.

ಪ್ರಶ್ನೆ ಕೇಳಿದವರು: ಕೋಲಾರದ ಉಪನ್ಯಾಸಕ

ಎಲ್ಲರಿಗೂ ಕೃತಜ್ಞತೆಗಳು. ಸನ್ನದುದಾರರ ಕೊನೆಯ ಮಾತನ್ನು ಓದಿದ ಮೇಲೆ ಚರ್ಚೆಯ ವಿಷಯವನ್ನೇ ಬದಲಿಸುವ ಯೋಚನೆ ಬಂದಿದೆ: ‘21ರ ಮಿತಿಯನ್ನು ಅಧಿನಿಯಮದಲ್ಲಿಯೇ ಬರೆದು, ಸನ್ನದಿಲ್ಲದ ಮಾರಾಟಕ್ಕೂ ವಯಸ್ಸಿನ ಆಧಾರದ ಹೆಚ್ಚುವರಿ ಶಿಕ್ಷೆಯನ್ನು ಸೇರಿಸಬೇಕು’. ನರಸಾಪುರದ ಯುವಕರು ಒಪ್ಪಿದರೆ ಅವರ ರಾತ್ರಿ ಪಾಳಿಯ ವಾದವನ್ನು ವಿರೋಧ ಪಕ್ಷದವರಿಗೆ ಕೊಡುತ್ತೇನೆ. ಅದಕ್ಕೆ ಸಮಾಲೋಚಕಿಯವರ ಉತ್ತರ ಪೂರ್ಣವಾಗಿದೆಯೆಂದು ನನಗೆ ಅನಿಸಿಲ್ಲ. ವಕೀಲರಲ್ಲಿ ಒಂದು ಪ್ರಶ್ನೆ: ಇಂತಹ ಬದಲಾವಣೆಯನ್ನು ನಿಯಮ ತಿದ್ದುಪಡಿಯಿಂದ ಮಾಡಬಹುದೇ?

ಉತ್ತರ: ಕೆಜಿಎಫ್‌ನ ವಕೀಲ

ಆಗದು. ನಿಯಮವು ಮಾತೃ ಅಧಿನಿಯಮವನ್ನು ತಿದ್ದಲಾರದು, ಅದರಲ್ಲಿಲ್ಲದ ಹೊಸ ಸೆರೆವಾಸವನ್ನೂ ಸೃಷ್ಟಿಸಲಾರದು. ವಿಧಾನಮಂಡಲದಲ್ಲಿ ಮಸೂದೆ ಮಂಡಿಸಬೇಕು, ಎರಡೂ ಸದನಗಳ ಅಂಗೀಕಾರ ಮತ್ತು ರಾಜ್ಯಪಾಲರ ಅನುಮೋದನೆ ಬೇಕು. 2023ರ ಕರಡಿನಂತೆ ಇಲಾಖೆಯ ಅಧಿಸೂಚನೆಯೊಂದರಿಂದ ಮುಗಿಯುವ ಕೆಲಸವಲ್ಲ.